ಬೀದಿಯ ಬದುಕು, ಮತದ ಹಕ್ಕು: ಛಾಯಾಗ್ರಾಹಕಿ ಕ್ರಿಸ್ಟಿನಾ ಬ್ರೂಮ್

ಮಹಿಳಾ ಮತಾಧಿಕಾರ ಚಳವಳಿಯ ಚರಿತ್ರೆಯನ್ನು ಬರೆದವರು ಬಹುಮಟ್ಟಿಗೆ ನಾಯಕಿಯರ ಭಾಷಣ, ಕರಪತ್ರ, ಆತ್ಮಕಥನ ಹಾಗೂ ನ್ಯಾಯಾಲಯದ ದಾಖಲೆಗಳನ್ನು ಆಕರಗಳನ್ನಾಗಿ ಬಳಸಿಕೊಂಡಿದ್ದಾರೆ. ಆ ಕಾಲದ ಪತ್ರಿಕೆಗಳಲ್ಲಿ ಹಾಗೂ ಚಿತ್ರಕಾರ್ಡುಗಳಲ್ಲಿ ಪ್ರಕಟವಾದ ಛಾಯಾಚಿತ್ರಗಳು ಇಂತಹ ಗ್ರಂಥಗಳಲ್ಲಿ ಇಲ್ಲವೆಂದಲ್ಲ. ಆದರೆ ಅವು ಬರಹಕ್ಕೆ ಪೂರಕವಾದ ಅಲಂಕರಣವಾಗಿ ಉಳಿದುಬಿಡುತ್ತವೆ. ಚಿತ್ರದಲ್ಲಿರುವವರು ಯಾರು ಎಂಬುದನ್ನು ಗುರುತಿಸುವ ನಾವು, ಅದನ್ನು ತೆಗೆದವರು ಯಾರು, ಏಕೆ ತೆಗೆದರು, ಯಾರಿಗೆ ಮಾರಿದರು ಎಂಬ ಪ್ರಶ್ನೆಗಳನ್ನು ಸಾಮಾನ್ಯವಾಗಿ ಕೇಳುವುದಿಲ್ಲ. ಈ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ನೋಡಿದಾಗ ಎದುರಾಗುವ ಮುಖ್ಯ ವ್ಯಕ್ತಿತ್ವ ಲಂಡನ್ನಿನ ಕ್ರಿಸ್ಟಿನಾ ಬ್ರೂಮ್ ಅವರದು. ಬ್ರಿಟನ್ನಿನ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ ಎಂದು ಇಂದು ಗುರುತಿಸಲಾಗುವ ಅವರು ಮತಾಧಿಕಾರದ ಮೆರವಣಿಗೆಗಳನ್ನೂ ತಮ್ಮ ನಗರದ ನಿತ್ಯದ ಬದುಕನ್ನೂ ಮೂರೂವರೆ ದಶಕಗಳ ಕಾಲ ಚಿತ್ರಿಸಿದರು. ಅವರ ಜೀವನವನ್ನು ಪರಿಚಯಿಸುತ್ತಾ, ಜೀವನೋಪಾಯಕ್ಕಾಗಿ ಮಾಡಿದ ಕೆಲಸವೊಂದು ಚಳವಳಿಯ ಸ್ಮೃತಿಯಾಗಿ ರೂಪಾಂತರಗೊಂಡ ಬಗೆಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಹಿನ್ನೆಲೆ ಮತ್ತು ಸಂಕಷ್ಟ

ಕ್ರಿಸ್ಟಿನಾ ಅವರು 1862ರ ಡಿಸೆಂಬರ್ 28ರಂದು ಲಂಡನ್ನಿನ ಚೆಲ್ಸಿ ಪ್ರದೇಶದ ಕಿಂಗ್ಸ್ ರಸ್ತೆಯಲ್ಲಿ ಜನಿಸಿದರು. ಹುಟ್ಟುಹೆಸರು ಕ್ರಿಸ್ಟಿನಾ ಲಿವಿಂಗ್‌ಸ್ಟನ್. ತಂದೆತಾಯಿಗಳು ಸ್ಕಾಟ್ಲೆಂಡಿನ ಮೂಲದವರು. ತಂದೆ ಪಾದರಕ್ಷೆ ತಯಾರಿಕೆಯ ನುರಿತ ಕಸುಬುದಾರರು. ಹೀಗೆ ಅವರು ಬಡತನದ ತಳದಲ್ಲಿಯೂ ಅಲ್ಲದ, ಸಂಪತ್ತಿನ ಆಸರೆಯೂ ಇಲ್ಲದ ಕಸುಬುದಾರ ವರ್ಗಕ್ಕೆ ಸೇರಿದವರು. 1889ರಲ್ಲಿ ಆಲ್ಬರ್ಟ್ ಬ್ರೂಮ್ ಅವರೊಂದಿಗೆ ವಿವಾಹವಾಯಿತು. ಆಲ್ಬರ್ಟ್ ಅವರ ಕುಟುಂಬದ್ದು ಕಬ್ಬಿಣದ ಸಾಮಾನುಗಳ ವ್ಯಾಪಾರ. 1890ರಲ್ಲಿ ಮಗಳು ವಿನಿಫ್ರೆಡ್ ಜನಿಸಿದಳು.

ಈ ಸಾಧಾರಣ ನೆಮ್ಮದಿಯ ಸಂಸಾರದ ದಿಕ್ಕು ಬದಲಾದುದು ಒಂದು ಆಕಸ್ಮಿಕದಿಂದ. 1896ರಲ್ಲಿ ಕ್ರಿಕೆಟ್ ಪಂದ್ಯವೊಂದರಲ್ಲಿ ಚೆಂಡು ಬಡಿದು ಆಲ್ಬರ್ಟ್ ಅವರ ಕಾಲಿನ ಮೂಳೆಗೆ ಪೆಟ್ಟಾಯಿತು. ಗಾಯ ಪೂರ್ಣವಾಗಿ ಮಾಯಲೇ ಇಲ್ಲ. ದುಡಿಯುವ ಶಕ್ತಿ ಕುಂದಿತು, ವ್ಯಾಪಾರವೂ ಕುಸಿಯಿತು. ಕುಟುಂಬವು ಕೈಹಾಕಿದ ಇತರ ಪ್ರಯತ್ನಗಳೂ ಫಲಿಸಲಿಲ್ಲ. ಗೃಹಿಣಿಯಾಗಿದ್ದ ಕ್ರಿಸ್ಟಿನಾ ಅವರು ಸಂಸಾರದ ಭಾರವನ್ನು ಹೊರಲೇಬೇಕಾದ ಸ್ಥಿತಿ ಒದಗಿದ್ದು ಈ ಹಂತದಲ್ಲಿ. 1903ರಲ್ಲಿ, ತಮ್ಮ ನಲವತ್ತರ ವಯಸ್ಸಿನಲ್ಲಿ, ಅವರು ಎರವಲು ತಂದ ಪೆಟ್ಟಿಗೆ ಕ್ಯಾಮರಾವೊಂದರಿಂದ ಛಾಯಾಗ್ರಹಣವನ್ನು ತಾವೇ ಕಲಿತರು. ಗುರುವಿಲ್ಲ, ಸ್ಟುಡಿಯೋ ಇಲ್ಲ, ಬಂಡವಾಳವೂ ಇಲ್ಲ. ತೆಗೆದ ಚಿತ್ರಗಳನ್ನು ಅಂಚೆ ಕಾರ್ಡಿನ ರೂಪದಲ್ಲಿ ಮುದ್ರಿಸಿ ಮಾರುವುದು ಅವರು ಕಂಡುಕೊಂಡ ಮಾರ್ಗವಾಗಿತ್ತು.

1903ರ ಮಹತ್ವ

ಬ್ರೂಮ್ ಅವರ ವೃತ್ತಿಯ ಆರಂಭವನ್ನು ಕೇವಲ ವೈಯಕ್ತಿಕ ಛಲದ ಕಥೆಯಾಗಿ ಹೇಳಿದರೆ ಅದು ಅಪೂರ್ಣವಾಗುತ್ತದೆ. ಆ ಕಾಲದ ಅಂಚೆ ವ್ಯವಸ್ಥೆ ಮತ್ತು ಪತ್ರಿಕಾ ಮುದ್ರಣಗಳಲ್ಲಿ ಉಂಟಾಗಿದ್ದ ಬದಲಾವಣೆಗಳು ಅವರ ಸಾಹಸವನ್ನು ಸಾಧ್ಯವಾಗಿಸಿದವು. 1902ರಲ್ಲಿ ಬ್ರಿಟನ್ನಿನ ಅಂಚೆ ಇಲಾಖೆಯು ಕಾರ್ಡಿನ ಒಂದೇ ಬದಿಯಲ್ಲಿ ವಿಳಾಸ ಮತ್ತು ಒಕ್ಕಣೆ ಎರಡನ್ನೂ ಬರೆಯಲು ಅನುಮತಿ ನೀಡಿತು. ಇದರಿಂದ ಇನ್ನೊಂದು ಬದಿ ಸಂಪೂರ್ಣವಾಗಿ ಚಿತ್ರಕ್ಕೆ ಮೀಸಲಾಯಿತು. ಅರ್ಧ ಪೆನ್ನಿ ಅಂಚೆವೆಚ್ಚ, ಲಂಡನ್ನಿನಲ್ಲಿ ದಿನಕ್ಕೆ ಹಲವು ಬಾರಿ ನಡೆಯುತ್ತಿದ್ದ ಬಟವಾಡೆ ಇವುಗಳ ಫಲವಾಗಿ ಚಿತ್ರಕಾರ್ಡು ಜನಸಾಮಾನ್ಯರ ಸುದ್ದಿಮಾಧ್ಯಮವಾಯಿತು. ಇಂದು ನಡೆದ ಮೆರವಣಿಗೆಯ ಚಿತ್ರ ನಾಳೆ ಅಂಚೆಯಲ್ಲಿ ಹೋಗಬಹುದಾಗಿತ್ತು.

ಇದೇ ಕಾಲಘಟ್ಟದಲ್ಲಿ ಹಾಫ್‌ಟೋನ್ ಬ್ಲಾಕುಗಳ ಬಳಕೆಯಿಂದ ದಿನಪತ್ರಿಕೆಗಳಲ್ಲಿ ಛಾಯಾಚಿತ್ರಗಳನ್ನು ನೇರವಾಗಿ ಮುದ್ರಿಸುವ ಕ್ರಮ ವ್ಯಾಪಕವಾಗುತ್ತಿತ್ತು. 1903ರ ನವೆಂಬರ್ 2ರಂದು ಆಲ್ಫ್ರೆಡ್ ಹಾರ್ಮ್ಸ್‌ವರ್ತ್ ಅವರು ಮಹಿಳೆಯರಿಗಾಗಿ, ಮಹಿಳೆಯರೇ ನಡೆಸುವ ಪತ್ರಿಕೆಯಾಗಿ ಡೈಲಿ ಮಿರರ್ ಅನ್ನು ಆರಂಭಿಸಿದರು. ಓದುಗರು ದೊರೆಯದೆ ಅದು ಸೋತಿತು. 1904ರ ಜನವರಿಯಲ್ಲಿ ಅದನ್ನು ಚಿತ್ರಪ್ರಧಾನ ಪತ್ರಿಕೆಯಾಗಿ ಮಾರ್ಪಡಿಸಿದಾಗ ಅದು ಗೆದ್ದಿತು. ಆದರೆ ಅಲ್ಲಿನ ಮಹಿಳಾ ಸಿಬ್ಬಂದಿಯಲ್ಲಿ ಬಹುತೇಕರು ಕೆಲಸ ಕಳೆದುಕೊಂಡರು. ಅದೇ 1903ರ ಅಕ್ಟೋಬರ್ 10ರಂದು ಮ್ಯಾಂಚೆಸ್ಟರಿನಲ್ಲಿ ಎಮ್ಮೆಲೀನ್ ಪ್ಯಾಂಕ್‌ಹರ್ಸ್ಟ್ ಅವರ ನೇತೃತ್ವದಲ್ಲಿ ಮಹಿಳಾ ಸಾಮಾಜಿಕ ಮತ್ತು ರಾಜಕೀಯ ಒಕ್ಕೂಟ ಸ್ಥಾಪನೆಯಾಯಿತು. ಹೀಗೆ ಚಿತ್ರಪತ್ರಿಕೆ, ಮತಾಧಿಕಾರದ ಉಗ್ರ ಸಂಘಟನೆ ಮತ್ತು ಬ್ರೂಮ್ ಅವರ ಕ್ಯಾಮರಾ ಕೆಲವೇ ತಿಂಗಳುಗಳ ಅಂತರದಲ್ಲಿ ಬ್ರಿಟನ್ನಿನ ಸಾರ್ವಜನಿಕ ಜೀವನದೊಳಗೆ ಕಾಲಿರಿಸಿದವು. ಪತ್ರಿಕಾ ಕಚೇರಿಯೊಳಗೆ ಮಹಿಳೆಗೆ ಬಾಗಿಲು ಮುಚ್ಚುತ್ತಿದ್ದ ದಿನಗಳಲ್ಲಿ ಬ್ರೂಮ್ ಅವರು ಬೀದಿಯ ಕಡೆಯಿಂದ ಪತ್ರಿಕಾರಂಗವನ್ನು ಪ್ರವೇಶಿಸಿದರು ಎಂಬುದು ಗಮನಾರ್ಹ.

ಮನೆಯೇ ಕಾರ್ಯಾಗಾರ

ಕುಟುಂಬವು ಫುಲ್‌ಹ್ಯಾಮ್ ಪ್ರದೇಶದ ಬರ್ನ್‌ಫುಟ್ ಅವೆನ್ಯೂ ಎಂಬಲ್ಲಿ ನೆಲೆಸಿತು. ಮನೆಯ ಕೆಳಗಿನ, ಇದ್ದಿಲು ತುಂಬಿಡುವ ನೆಲಮಾಳಿಗೆಯೇ ನೆಗೆಟಿವ್ ತೊಳೆಯುವ ಕತ್ತಲೆಕೋಣೆಯಾಯಿತು. ವಿನಿಫ್ರೆಡ್ ಶಾಲೆ ಬಿಟ್ಟು ತಾಯಿಗೆ ನೆರವಾದಳು. ಗಾಜಿನ ಫಲಕಗಳಿಂದ ಕಾರ್ಡುಗಳನ್ನು ಮುದ್ರಿಸುವ ಕೆಲಸ ಬಹುಮಟ್ಟಿಗೆ ಅವಳದಾಗಿತ್ತು. ಬೇಡಿಕೆ ಹೆಚ್ಚಿದಾಗ ಒಂದೇ ರಾತ್ರಿಯಲ್ಲಿ ಸಾವಿರ ಕಾರ್ಡುಗಳವರೆಗೆ ಮುದ್ರಿಸಿದ್ದುಂಟು. ಓಡಾಡಲಾರದ ಆಲ್ಬರ್ಟ್ ಅವರು ತಮ್ಮ ಅಂದವಾದ ಕೈಬರಹದಲ್ಲಿ ಚಿತ್ರಗಳಿಗೆ ಶೀರ್ಷಿಕೆಗಳನ್ನು ಬರೆಯುತ್ತಿದ್ದರು.

ಈ ಶೀರ್ಷಿಕೆಗಳ ಮಹತ್ವವನ್ನು ಹಸ್ತಪ್ರತಿಗಳೊಂದಿಗೆ ವ್ಯವಹರಿಸುವ ಕನ್ನಡ ಸಂಶೋಧಕರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಓಲೆಗರಿಯ ಕೊನೆಯಲ್ಲಿ ಲಿಪಿಕಾರನು ಬರೆದ ಒಂದೆರಡು ಸಾಲುಗಳು ಕಾಲ ಮತ್ತು ಸ್ಥಳಗಳ ನಿರ್ಣಯಕ್ಕೆ ಎಷ್ಟು ಸಹಾಯಕವೋ, ಬ್ರೂಮ್ ಕಾರ್ಡುಗಳ ಮೇಲಿನ ಸಂದರ್ಭಸೂಚಕ ಬರಹವೂ ಅಷ್ಟೇ ಸಹಾಯಕ. ಅದಿಲ್ಲದಿದ್ದರೆ ಅನೇಕ ಚಿತ್ರಗಳು ಹೆಸರಿಲ್ಲದ ಮುಖಗಳ ಸಮೂಹಗಳಾಗಿ ಉಳಿಯುತ್ತಿದ್ದವು. ಮೂವರ ದುಡಿಮೆಯಿಂದ ರೂಪುಗೊಂಡ ಈ ಕಾರ್ಡುಗಳು ಮಿಸೆಸ್ ಆಲ್ಬರ್ಟ್ ಬ್ರೂಮ್ ಎಂಬ ಹೆಸರಿನಲ್ಲಿ ಪ್ರಸಿದ್ಧವಾದವು. ಮನೆಯಿಂದ ಹೊರಗೆ ಹೋಗಿ ದುಡಿಯುತ್ತಿದ್ದವರು ಪತ್ನಿ. ವೃತ್ತಿಗೆ ದೊರೆತದ್ದು ಪತಿಯ ಹೆಸರು. ವಿವಾಹಿತ ಸ್ತ್ರೀಯನ್ನು ಪತಿಯ ಪೂರ್ಣನಾಮದಿಂದ ಕರೆಯುವುದು ಅಂದಿನ ಇಂಗ್ಲೆಂಡಿನ ಶಿಷ್ಟಾಚಾರ. 1912ರಲ್ಲಿ ಆಲ್ಬರ್ಟ್ ಅವರು ತೀರಿಕೊಂಡು, ತಾಯಿಮಗಳು ಫುಲ್‌ಹ್ಯಾಮಿನ ಮನ್‌ಸ್ಟರ್ ರಸ್ತೆಗೆ ವಾಸ್ತವ್ಯ ಬದಲಿಸಿದ ನಂತರವೂ ಅದೇ ವೃತ್ತಿನಾಮ ಉಳಿಯಿತು. ಸ್ವಂತ ಹೆಸರು ಚರಿತ್ರೆಯ ಪುಟಕ್ಕೆ ಮರಳಲು ಅವರ ಮರಣದ ನಂತರ ಹಲವು ದಶಕಗಳೇ ಬೇಕಾದವು.

ಅರಮನೆ, ಸೈನಿಕವಸತಿ, ಬೀದಿ

1904ರಿಂದ 1930ರವರೆಗೆ ಬಕಿಂಗ್‌ಹ್ಯಾಮ್ ಅರಮನೆಯ ರಾಜಾಶ್ವಶಾಲೆಯ ದ್ವಾರದ ಬಳಿ ಬ್ರೂಮ್ ಅವರ ಕಾರ್ಡುಗಳ ಮಳಿಗೆ ಇತ್ತು. 1904ರಲ್ಲಿಯೇ ಅರಸರ ರಕ್ಷಣಾದಳದ ಅಧಿಕೃತ ಛಾಯಾಗ್ರಾಹಕಿಯಾಗಿ ಅವರು ನೇಮಕಗೊಂಡು, ಕೊನೆಯವರೆಗೂ ಆ ಸಂಬಂಧವನ್ನು ಉಳಿಸಿಕೊಂಡರು. ಚೆಲ್ಸಿಯ ಸೈನಿಕವಸತಿಯಲ್ಲಿ ಅವರಿಗೆ ಕತ್ತಲೆಕೋಣೆಯ ಸೌಲಭ್ಯವೂ ಇತ್ತು. ಪುರುಷರದೇ ಆದ ಸೈನ್ಯದ ಆವರಣದೊಳಗೆ ಮಧ್ಯಮ ವಯಸ್ಸಿನ ಮಹಿಳೆಯೊಬ್ಬರು ಮುಕ್ಕಾಲಿ, ಗಾಜಿನ ಫಲಕಗಳ ಭಾರದೊಂದಿಗೆ ದಿನನಿತ್ಯ ಓಡಾಡುತ್ತಿದ್ದುದು ಆ ಕಾಲಕ್ಕೆ ಅಪೂರ್ವ ಸಂಗತಿ.

ರಾಜಕುಟುಂಬದ ಸಮಾರಂಭಗಳು, 1910ರ ಏಳನೆಯ ಎಡ್ವರ್ಡ್ ದೊರೆಯ ಅಂತ್ಯಯಾತ್ರೆ, 1911ರ ಐದನೆಯ ಜಾರ್ಜ್ ದೊರೆಯ ಪಟ್ಟಾಭಿಷೇಕದ ಸಂಭ್ರಮ ಇವುಗಳ ಚಿತ್ರಗಳಿಗೆ ಸಹಜವಾಗಿಯೇ ಬೇಡಿಕೆ ಇತ್ತು. ಅದರೊಂದಿಗೆ ಥೇಮ್ಸ್ ನದಿಯಲ್ಲಿ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ವಿದ್ಯಾರ್ಥಿಗಳ ದೋಣಿಸ್ಪರ್ಧೆಯ ತಂಡಗಳು, ಚೆಲ್ಸಿಯ ನಿವೃತ್ತ ಸೈನಿಕರು, ನಗರದ ಬೀದಿಗಳು ಮತ್ತು ಕಟ್ಟಡಗಳು ಅವರ ಚಿತ್ರಗಳಲ್ಲಿ ಸ್ಥಾನ ಪಡೆದವು. ಸೈನಿಕರನ್ನು ಅವರು ಕವಾಯತಿನ ಠೀವಿಯಲ್ಲಿ ಮಾತ್ರ ತೋರಿಸಲಿಲ್ಲ. ಬಿಡುವಿನ ವೇಳೆಯಲ್ಲಿ, ಸಂಗಡಿಗರೊಡನೆ ನಗುತ್ತಾ ನಿಂತ ಸಾಮಾನ್ಯ ಯುವಕರನ್ನಾಗಿಯೂ ತೋರಿಸಿದರು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಈ ಚಿತ್ರಗಳ ಅರ್ಥವೇ ಬದಲಾಯಿತು. ರಣರಂಗಕ್ಕೆ ಹೊರಟ ಸೈನಿಕನು ಮನೆಯವರಿಗಾಗಿ ಕೊಂಡ ಕಾರ್ಡು ಎಷ್ಟೋ ಕುಟುಂಬಗಳ ಪಾಲಿಗೆ ಅವನ ಕೊನೆಯ ಚಿತ್ರವಾಯಿತು.

ಮತಾಧಿಕಾರದ ಚಿತ್ರಗಳು

ಅರಸರ ಕಾವಲುಪಡೆಯನ್ನು ಚಿತ್ರಿಸುತ್ತಿದ್ದ ಇದೇ ಕ್ಯಾಮರಾ ಅರಸರ ಸರ್ಕಾರವನ್ನು ಪ್ರಶ್ನಿಸಿದ ಮಹಿಳೆಯರತ್ತಲೂ ತಿರುಗಿತು. 1908ರ ಜೂನ್ 21ರಂದು ಹೈಡ್ ಪಾರ್ಕಿನಲ್ಲಿ ಮಹಿಳಾ ಸಾಮಾಜಿಕ ಮತ್ತು ರಾಜಕೀಯ ಒಕ್ಕೂಟವು ಬೃಹತ್ ಸಮಾವೇಶವನ್ನು ನಡೆಸಿತು. ನೇರಳೆ, ಬಿಳಿ, ಹಸಿರು ಎಂಬ ಮೂರು ಬಣ್ಣಗಳು ಚಳವಳಿಯ ಗುರುತಾದದ್ದು ಆ ಸಂದರ್ಭದಲ್ಲಿ. ಬಿಳಿಯ ಉಡುಪು, ಕಸೂತಿಯ ಪತಾಕೆ, ಶಿಸ್ತಿನ ಸಾಲು ಇವೆಲ್ಲವೂ ನೋಡುವ ಕಣ್ಣನ್ನು ಉದ್ದೇಶಿಸಿಯೇ ಯೋಜಿತವಾಗಿದ್ದವು. ಸಂಘಟಕಿಯರಿಗೆ ಚಿತ್ರಗಳ ಪ್ರಚಾರ ಬೇಕಿತ್ತು. ಬ್ರೂಮ್ ಅವರಿಗೆ ಮಾರಾಟವಾಗುವ ಚಿತ್ರಗಳು ಬೇಕಿದ್ದವು. ಈ ಎರಡು ಅಗತ್ಯಗಳ ಸಂಗಮದಲ್ಲಿ ಅವರ ಮತಾಧಿಕಾರ ಚಿತ್ರಮಾಲಿಕೆ ಹುಟ್ಟಿತು.

1909ರ ಏಪ್ರಿಲ್‌ನಲ್ಲಿ ವಿವಿಧ ವೃತ್ತಿಗಳ ಮಹಿಳೆಯರು ಆಲ್ಬರ್ಟ್ ಸಭಾಭವನಕ್ಕೆ ಮೆರವಣಿಗೆಯಲ್ಲಿ ಸಾಗಿದಾಗ, ಸಮವಸ್ತ್ರ ಧರಿಸಿದ ದಾದಿಯರು ಮತ್ತು ಸೂಲಗಿತ್ತಿಯರು ಅವರ ಚಿತ್ರದಲ್ಲಿ ದಾಖಲಾದರು. ಮರುತಿಂಗಳು ನೈಟ್ಸ್‌ಬ್ರಿಜ್‌ನ ಪ್ರಿನ್ಸಸ್ ಸ್ಕೇಟಿಂಗ್ ರಿಂಕ್ ಎಂಬಲ್ಲಿ ಒಕ್ಕೂಟವು ಮಹಿಳಾ ವಸ್ತುಪ್ರದರ್ಶನವನ್ನು ಏರ್ಪಡಿಸಿತು. ಸಿಲ್ವಿಯಾ ಪ್ಯಾಂಕ್‌ಹರ್ಸ್ಟ್ ಅವರ ಭಿತ್ತಿಚಿತ್ರಗಳು, ಚಳವಳಿಗಾರ್ತಿಯರನ್ನು ಬಂಧಿಸಿಡುತ್ತಿದ್ದ ಸೆರೆಕೋಣೆಯ ಮಾದರಿ ಅಲ್ಲಿನ ಆಕರ್ಷಣೆಗಳಾಗಿದ್ದವು. ಬ್ರೂಮ್ ಅವರು ಕ್ರಿಸ್ಟಬೆಲ್ ಪ್ಯಾಂಕ್‌ಹರ್ಸ್ಟ್ ಅವರ ಚಿತ್ರವನ್ನು ತೆಗೆದಂತೆಯೇ, ಮಳಿಗೆಗಳ ಹಿಂದೆ ನಿಂತು ಸಾಮಾನು ಮಾರುತ್ತಿದ್ದ, ಬೀದಿಯಲ್ಲಿ ಪ್ರದರ್ಶನದ ಪ್ರಚಾರ ಮಾಡುತ್ತಿದ್ದ ಸಾಮಾನ್ಯ ಕಾರ್ಯಕರ್ತೆಯರ ಚಿತ್ರಗಳನ್ನೂ ಅಷ್ಟೇ ಆಸ್ಥೆಯಿಂದ ತೆಗೆದರು. 1910ರ ಜುಲೈ 23ರ ಹೈಡ್ ಪಾರ್ಕ್ ಮೆರವಣಿಗೆಯ ಅವರ ಚಿತ್ರವೊಂದರಲ್ಲಿ ಎಮ್ಮೆಲೀನ್ ಪೆಥಿಕ್ ಲಾರೆನ್ಸ್, ಕ್ರಿಸ್ಟಬೆಲ್, ಸಿಲ್ವಿಯಾ ಅವರೊಂದಿಗೆ ಎಮಿಲಿ ಡೇವಿಸನ್ ಅವರೂ ಇದ್ದಾರೆ. 1913ರ ಜೂನ್‌ನಲ್ಲಿ ಡರ್ಬಿ ಕುದುರೆಪಂದ್ಯದ ಮೈದಾನದಲ್ಲಿ ದೊರೆಯ ಕುದುರೆಗೆ ಸಿಲುಕಿ ಗಾಯಗೊಂಡು, ನಾಲ್ಕು ದಿನಗಳ ನಂತರ ಪ್ರಾಣಬಿಟ್ಟವರು ಈ ಡೇವಿಸನ್. ಆ ದುರಂತದ ಚಿತ್ರವನ್ನೇ ಬಲ್ಲ ನಮಗೆ ಬ್ರೂಮ್ ಅವರ ಚಿತ್ರವು ಸಂಗಾತಿಗಳ ನಡುವೆ ಬದುಕಿದ್ದ ಡೇವಿಸನ್ ಅವರನ್ನು ಕಾಣಿಸುತ್ತದೆ.

ಇದೇ ಚಳವಳಿಯನ್ನು ಕುರಿತ ಇತರ ಬಗೆಯ ಛಾಯಾಚಿತ್ರಗಳೊಂದಿಗೆ ಹೋಲಿಸಿದಾಗ ಬ್ರೂಮ್ ಅವರ ವಿಶಿಷ್ಟತೆ ಸ್ಪಷ್ಟವಾಗುತ್ತದೆ. 1910ರ ನವೆಂಬರ್ 18ರಂದು ಸಂಸತ್ತಿನ ಮುಂದೆ ಮಹಿಳೆಯರ ಮೇಲೆ ಪೊಲೀಸರ ದೌರ್ಜನ್ಯ ನಡೆದಾಗ, ಮರುದಿನದ ಡೈಲಿ ಮಿರರ್ ಮುಖಪುಟದಲ್ಲಿ ನೆಲಕ್ಕುರುಳಿದ ಮಹಿಳೆಯ ಚಿತ್ರ ಪ್ರಕಟವಾಯಿತು. ಸುದ್ದಿಪತ್ರಿಕೆಗೆ ಘರ್ಷಣೆಯ ಕ್ಷಣ ಮುಖ್ಯವಾಗಿತ್ತು. 1913ರಲ್ಲಿ ಪೊಲೀಸರು ಹಾಲೊವೇ ಸೆರೆಮನೆಯಲ್ಲಿದ್ದ ಚಳವಳಿಗಾರ್ತಿಯರ ಚಿತ್ರಗಳನ್ನು ಅವರ ಅರಿವಿಗೆ ಬಾರದಂತೆ, ಮರೆಯಿಂದ ತೆಗೆಸಿದರು. ಅಲ್ಲಿ ಕ್ಯಾಮರಾ ಪ್ರಭುತ್ವದ ಕಣ್ಣಾಗಿತ್ತು. ಲೀನಾ ಕಾನೆಲ್ ಅವರಂತಹ ಛಾಯಾಗ್ರಾಹಕಿಯರು ನಾಯಕಿಯರನ್ನು ಸ್ಟುಡಿಯೋಗೆ ಕರೆಸಿ ಘನತೆಯ ಭಾವಚಿತ್ರಗಳನ್ನು ರಚಿಸಿದರು. ಬ್ರೂಮ್ ಅವರ ಚಿತ್ರಗಳು ಈ ಮೂರಕ್ಕಿಂತಲೂ ಭಿನ್ನ. ಅವರದು ಬೀದಿ ಮತ್ತು ಮೈದಾನಗಳ ಬಯಲು. ಚಿತ್ರದಲ್ಲಿರುವವರಿಗೆ ತಮ್ಮನ್ನು ನೋಡಲಾಗುತ್ತಿದೆ ಎಂಬ ಅರಿವಿದೆ, ಅದಕ್ಕೆ ಸಮ್ಮತಿಯೂ ಇದೆ. ಮುಕ್ಕಾಲಿಯ ಮೇಲಿನ ಗಾಜಿನ ಫಲಕದ ಕ್ಯಾಮರಾ ಬಯಸುವ ಸ್ಥಿರತೆಯಿಂದಾಗಿ ಅವರೆಲ್ಲ ನೇರವಾಗಿ ನಮ್ಮತ್ತ ದಿಟ್ಟಿಸುತ್ತಾರೆ. ಉಡುಪಿನ ನೆರಿಗೆ, ಎದೆಯ ಮೇಲಿನ ಪದಕ, ಪತಾಕೆಯ ಮೇಲಿನ ಅಕ್ಷರಗಳು ಸ್ಪಷ್ಟವಾಗಿ ಉಳಿದಿವೆ.

ಭಾರತದ ನಂಟು

ಈ ದೃಶ್ಯಲೋಕ ಭಾರತಕ್ಕೆ ಸಂಪೂರ್ಣ ಪರಕೀಯವಾದುದಲ್ಲ. 1911ರ ಜೂನ್ 17ರ ಮಹಿಳಾ ಪಟ್ಟಾಭಿಷೇಕ ಮೆರವಣಿಗೆಯಲ್ಲಿ ಭಾರತೀಯ ಮಹಿಳೆಯರ ತಂಡವೊಂದು ಸೀರೆಯುಟ್ಟು ಲಂಡನ್ನಿನ ಬೀದಿಗಳಲ್ಲಿ ನಡೆದಿತ್ತು. 1910ರಲ್ಲಿ ಲಂಡನ್ನಿನ ಪ್ರತಿಭಟನೆಯಲ್ಲಿ ಭಾಗವಹಿಸಿ ಹಾಲೊವೇ ಸೆರೆಮನೆ ಕಂಡ ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ 1915ರಲ್ಲಿ ಭಾರತಕ್ಕೆ ಬಂದರು. 1919ರಲ್ಲಿ ಮಂಗಳೂರಿನ ರಾಷ್ಟ್ರೀಯ ಬಾಲಿಕಾ ಶಾಲೆಯ ಮುಖ್ಯೋಪಾಧ್ಯಾಯಿನಿಯಾದರು. ಮಂಗಳೂರು ಅಂದು ಸೇರಿದ್ದ ಮದರಾಸು ಪ್ರಾಂತದಲ್ಲಿ 1921ರಲ್ಲಿ ಮಹಿಳೆಯರಿಗೆ ಸೀಮಿತ ಮತಾಧಿಕಾರ ದೊರೆಯಿತು. 1926ರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರು ಪ್ರಾಂತೀಯ ಶಾಸನಸಭೆಗೆ ಸ್ಪರ್ಧಿಸಿದಾಗ ಅವರನ್ನು ಹುರಿದುಂಬಿಸಿದವರಲ್ಲಿ ಕಸಿನ್ಸ್ ಅವರು ಪ್ರಮುಖರು. ಬ್ರೂಮ್ ಅವರ ಗಾಜಿನ ಫಲಕಗಳಲ್ಲಿ ಉಳಿದಿರುವ ಚಳವಳಿಯ ಒಂದು ಎಳೆ ಹೀಗೆ ಕನ್ನಡ ಕರಾವಳಿಯವರೆಗೂ ಚಾಚಿಕೊಂಡಿದೆ.

ವೃತ್ತಿ ಮತ್ತು ನಿಲುವು

ಬ್ರೂಮ್ ಅವರನ್ನು ಮತಾಧಿಕಾರದ ಹೋರಾಟಗಾರ್ತಿ ಎಂದು ಕರೆಯಬಹುದೇ? ಸ್ತ್ರೀವಾದಿ ಓದು ಇಂತಹ ಪ್ರಶ್ನೆಯನ್ನು ಕೇಳುವುದು ಸಹಜ. ಆದರೆ ಚಿತ್ರ ತೆಗೆದ ಮಾತ್ರಕ್ಕೆ ಅವರನ್ನು ಚಳವಳಿಯ ಸದಸ್ಯೆಯನ್ನಾಗಿಸುವುದು ಸಂಶೋಧನೆಯ ಶಿಸ್ತಿಗೆ ಒಪ್ಪುವಂಥದಲ್ಲ. ಅರಮನೆ ಮತ್ತು ಸೈನ್ಯದ ಕೃಪೆ ಅವರ ಜೀವನೋಪಾಯದ ಬುನಾದಿಯಾಗಿತ್ತು. ಕಿಟಕಿಯ ಗಾಜು ಒಡೆಯುವ, ಕಟ್ಟಡಗಳಿಗೆ ಬೆಂಕಿಯಿಡುವ ಹಂತಕ್ಕೆ 1912ರ ನಂತರ ಹೋರಾಟ ತಲುಪಿದಾಗಿನ ರೋಷ ಅವರ ಚಿತ್ರಗಳಲ್ಲಿ ಕಾಣುವುದಿಲ್ಲ. ಅವು ಹಗಲಿನ, ಶಿಸ್ತಿನ, ಸಂಭ್ರಮದ ಚಿತ್ರಗಳು. ಈ ಆಯ್ಕೆಯ ಹಿಂದೆ ಮಾರುಕಟ್ಟೆಯ ಎಚ್ಚರ ಇದ್ದಿತೆಂದು ಊಹಿಸಬಹುದು.

ಹಾಗೆಂದು ಅವರನ್ನು ಕೇವಲ ವ್ಯಾಪಾರಿ ಎಂದು ಬದಿಗೆ ಸರಿಸುವುದೂ ಸರಿಯಲ್ಲ. ಮಹಿಳೆಯರು ದುಡಿಯಬೇಕು, ಸಾರ್ವಜನಿಕ ಸ್ಥಳಗಳಲ್ಲಿ ಅಂಜದೆ ಓಡಾಡಬೇಕು ಎಂಬುದನ್ನು ಹೋರಾಟಗಾರ್ತಿಯರು ಬೇಡಿಕೆಯಾಗಿ ಮಂಡಿಸುತ್ತಿದ್ದ ದಿನಗಳಲ್ಲಿ ಬ್ರೂಮ್ ಅವರು ಅದನ್ನು ಅನಿವಾರ್ಯದಿಂದ ಬದುಕುತ್ತಿದ್ದರು. 1916ರಲ್ಲಿ ನೈಟ್ಸ್‌ಬ್ರಿಜ್‌ನಲ್ಲಿ ನಡೆದ ಮಹಿಳಾ ಯುದ್ಧಸೇವಾ ಪ್ರದರ್ಶನದಲ್ಲಿ ಅವರು ಮಹಿಳಾ ಪೊಲೀಸ್ ಸೇವೆಯ ಮೇರಿ ಆಲೆನ್ ಮತ್ತು ಸಂಗಡಿಗರ ಚಿತ್ರ ತೆಗೆದರು. ಆಲೆನ್ ಅವರು ಹಿಂದೆ ಮತಾಧಿಕಾರಕ್ಕಾಗಿ ಸೆರೆವಾಸ ಅನುಭವಿಸಿದವರು. ಕಾನೂನು ಮುರಿದು ಬಂಧಿತಳಾದ ಮಹಿಳೆ ಕೆಲವೇ ವರ್ಷಗಳಲ್ಲಿ ಪೊಲೀಸ್ ಸಮವಸ್ತ್ರ ಧರಿಸಿದ ಆ ವಿಪರ್ಯಾಸ ಯಾವ ವ್ಯಾಖ್ಯಾನವೂ ಇಲ್ಲದೆ ಚಿತ್ರದಲ್ಲಿ ನೆಲೆನಿಂತಿದೆ.

1918ರ ಕಾಯಿದೆ ಮೂವತ್ತು ತುಂಬಿದ, ಆಸ್ತಿಯ ಅರ್ಹತೆಯಿದ್ದ ಮಹಿಳೆಯರಿಗೆ ಮಾತ್ರ ಮತದ ಹಕ್ಕು ನೀಡಿತು. ಆಗ ಬ್ರೂಮ್ ಅವರಿಗೆ 55 ವರ್ಷ. ಹದಿಹರೆಯದಿಂದ ದುಡಿಯುತ್ತಾ ಬಂದಿದ್ದ ವಿನಿಫ್ರೆಡ್ ಅವರಿಗೆ ಇನ್ನೂ ಮೂವತ್ತು ತುಂಬಿರಲಿಲ್ಲವಾದ್ದರಿಂದ ಆ ವರ್ಷದ ಚುನಾವಣೆಯಲ್ಲಿ ಅವರಿಗೆ ಮತವಿರಲಿಲ್ಲ. ಪುರುಷರಿಗೆ ಸಮಾನವಾದ ಮತಾಧಿಕಾರ ಬಂದದ್ದು 1928ರಲ್ಲಿ. ಕಾರ್ಡುಗಳ ಮೇಲೆ ಚಳವಳಿಯ ಮುಖಗಳನ್ನು ಮುದ್ರಿಸಿದ ಕೈಗಳೇ ಮತಪತ್ರಕ್ಕಾಗಿ ಕಾಯಬೇಕಾಗಿ ಬಂದಿತು ಎಂಬುದು ಆ ಕಾಯಿದೆಯ ಮಿತಿಗೆ ನಿದರ್ಶನ.

ಕೊನೆಯ ವರ್ಷಗಳು ಮತ್ತು ಮಗಳ ಪಾತ್ರ

1920 ಮತ್ತು 1930ರ ದಶಕಗಳಲ್ಲಿ ಇಲಸ್ಟ್ರೇಟೆಡ್ ಲಂಡನ್ ನ್ಯೂಸ್, ಟ್ಯಾಟ್ಲರ್, ಸ್ಫಿಯರ್, ಕಂಟ್ರಿ ಲೈಫ್ ಮೊದಲಾದ ಪತ್ರಿಕೆಗಳು ಬ್ರೂಮ್ ಅವರ ಚಿತ್ರಗಳನ್ನು ಪ್ರಕಟಿಸಿದವು. 1939ರ ಜೂನ್ 5ರಂದು, 76ನೆಯ ವಯಸ್ಸಿನಲ್ಲಿ ಅವರು ನಿಧನರಾದರು. ಫುಲ್‌ಹ್ಯಾಮಿನ ಹಳೆಯ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಅವರು ಜೀವಮಾನದಲ್ಲಿ ತೆಗೆದ ಚಿತ್ರಗಳ ಸಂಖ್ಯೆ ಸುಮಾರು 40,000 ಎಂದು ಅಂದಾಜಿಸಲಾಗಿದೆ.

ಕೆಲವೇ ತಿಂಗಳುಗಳಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಬಾಂಬುಗಳು ಬೀಳುವ ನಗರದಲ್ಲಿ ಗಾಜಿನ ಫಲಕಗಳಷ್ಟು ಭಂಗುರವಾದ ವಸ್ತು ಇನ್ನೊಂದಿಲ್ಲ. ವಿನಿಫ್ರೆಡ್ ಅವರು ತಾಯಿಯ ನೆಗೆಟಿವ್‌ಗಳನ್ನು ಕಾಪಾಡಿದರು. ಅವು ಸಾರ್ವಜನಿಕ ಸಂಗ್ರಹಾಲಯಗಳನ್ನು ಸೇರುವಂತೆ ಶ್ರಮಿಸಿದರು. 1973ರಲ್ಲಿ ಅವರು ತೀರಿಕೊಂಡರು. ಇಂಪೀರಿಯಲ್ ಯುದ್ಧ ಸಂಗ್ರಹಾಲಯ, ರಾಷ್ಟ್ರೀಯ ಭಾವಚಿತ್ರ ಗ್ಯಾಲರಿ, ರಾಷ್ಟ್ರೀಯ ಸೇನಾ ಸಂಗ್ರಹಾಲಯ ಮೊದಲಾದೆಡೆ ಬ್ರೂಮ್ ಅವರ ಚಿತ್ರಗಳಿವೆ. ಆಗಿನ ಮ್ಯೂಸಿಯಂ ಆಫ್ ಲಂಡನ್ 2014ರಲ್ಲಿ ಸುಮಾರು 2,500 ಚಿತ್ರಗಳ ಸಂಗ್ರಹವನ್ನು ಪಡೆದು, 2015ರಲ್ಲಿ ಡಾಕ್‌ಲ್ಯಾಂಡ್ಸ್‌ನಲ್ಲಿ ಸೈನಿಕರು ಮತ್ತು ಮತಾಧಿಕಾರದ ಹೋರಾಟಗಾರ್ತಿಯರ ಚಿತ್ರಗಳ ಪ್ರದರ್ಶನವನ್ನು ಏರ್ಪಡಿಸಿತು. ಅಲ್ಲಿ ಅವರನ್ನು ಪರಿಚಯಿಸಿದ್ದು ಕ್ರಿಸ್ಟಿನಾ ಬ್ರೂಮ್ ಎಂಬ ಅವರದೇ ಹೆಸರಿನಿಂದ.

ಸಮಾರೋಪ

ಬ್ರೂಮ್ ಅವರ ಜೀವನದಿಂದ ಮೂರು ಸಂಗತಿಗಳು ವಿದಿತವಾಗುತ್ತವೆ. ಒಂದು, ಚರಿತ್ರೆಯ ಆಕರಗಳು ಚರಿತ್ರೆಯನ್ನು ಉಳಿಸಬೇಕೆಂಬ ಉದ್ದೇಶದಿಂದಲೇ ಹುಟ್ಟುವುದಿಲ್ಲ. ಸಂಸಾರ ನಡೆಸುವ ಒತ್ತಡವೂ ಅವುಗಳನ್ನು ಸೃಷ್ಟಿಸುತ್ತದೆ. ಎರಡು, ಚಳವಳಿ ಮತ್ತು ನಿತ್ಯಜೀವನ ಎಂಬ ವಿಂಗಡಣೆ ಪುಸ್ತಕದ ಅಧ್ಯಾಯಗಳಿಗೆ ಅನುಕೂಲಕರವಾದರೂ ಬೀದಿಯಲ್ಲಿ ಅದು ನಿಲ್ಲುವುದಿಲ್ಲ. ಬ್ರೂಮ್ ಅವರ ಮಳಿಗೆಯಲ್ಲಿ ದೊರೆಯ ಕುದುರೆ, ಕಾವಲಿನ ಸೈನಿಕ, ಮತ ಕೇಳುವ ಮಹಿಳೆ ಅಕ್ಕಪಕ್ಕದಲ್ಲಿಯೇ ಇದ್ದರು. ಮೂರು, ಸಂಗ್ರಹವನ್ನು ಜೋಪಾನ ಮಾಡಿದವರ ದುಡಿಮೆಯೂ ಕರ್ತೃತ್ವದ ಒಂದು ಭಾಗ. ಮಗಳಿಲ್ಲದಿದ್ದರೆ ತಾಯಿಯ ಹೆಸರು ನಮ್ಮನ್ನು ತಲುಪುತ್ತಿರಲಿಲ್ಲ.

ಕನ್ನಡದ ಹಳೆಯ ಪತ್ರಿಕೆಗಳ ಸಂಪುಟಗಳನ್ನು ನಾವು ಲೇಖನ, ಕಥೆ, ಕವಿತೆಗಳಿಗಾಗಿ ಶೋಧಿಸಿದ್ದೇವೆ. ಅವುಗಳಲ್ಲಿರುವ ಸಮ್ಮೇಳನ, ಮಹಿಳಾ ಸಮಾಜ, ಸತ್ಯಾಗ್ರಹ, ಜಾತ್ರೆಗಳ ಛಾಯಾಚಿತ್ರಗಳನ್ನು ತೆಗೆದವರು ಯಾರು, ಅದರಡಿಯ ಹೆಸರುಗಳನ್ನು ಬರೆದವರು ಯಾರು, ಸಾಲಿನ ಕೊನೆಯಲ್ಲಿ ಹೆಸರಿಲ್ಲದೆ ನಿಂತ ಮಹಿಳೆ ಯಾರು ಎಂಬ ಪ್ರಶ್ನೆಗಳು ಇನ್ನೂ ವ್ಯವಸ್ಥಿತ ಅಧ್ಯಯನಕ್ಕೆ ಒಳಗಾಗಬೇಕಾಗಿವೆ. ಕಾಗದ ಪುಡಿಯಾಗುವ ಮುನ್ನ ಆ ಕೆಲಸ ಆರಂಭವಾಗಬೇಕು. ಫುಲ್‌ಹ್ಯಾಮಿನ ಇದ್ದಿಲ ಕೋಣೆಯೊಂದರಲ್ಲಿ ತೊಳೆಯಲ್ಪಟ್ಟ ಫಲಕಗಳು ಅಂತಹ ಅಧ್ಯಯನಕ್ಕೆ ಒಂದು ಮಾದರಿಯನ್ನು ಒದಗಿಸುತ್ತವೆ.